ಚೆಂದಕ್ಕೆ ಇಟ್ಟ ಶಿಲುಬೆ

"ಅದೆಲ್ಲ ಸುಮ್ಮನೆ ಚೆಂದಕ್ಕೆ ಹಾಕಿದ್ದು ಕಣೋ, ಅರ್ಥಗಿರ್ಥ ಏನೂ ಇಲ್ಲ." ಮೆಟ್ರೋದಲ್ಲಿ ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ಗೆಳೆಯನಿಗೆ ಹೇಳಿದ ಈ ಮಾತು ವಾರವಿಡೀ ನನ್ನನ್ನು ಕೊರೆಯುತ್ತಿದೆ. ಚರ್ಚೆ ನಡೆದಿದ್ದುದು ಹಿದೆಯಾಕಿ ಅನ್ನೋ ನಿರ್ದೇಶಿಸಿದ ಜಪಾನಿನ ಅನಿಮೇಷನ್ ಸರಣಿ 'ನಿಯಾನ್ ಜೆನೆಸಿಸ್ ಇವಾಂಜೆಲಿಯನ್' ಕುರಿತು. ಗೆಳೆಯ ಉತ್ಸಾಹದಿಂದ ಒಂದೊಂದಾಗಿ ಎಣಿಸುತ್ತಿದ್ದ: ಸೇನಾಧಿಪತಿ ಗೆಂಡೊನ ಕೋಣೆಯ ಚಾವಣಿಯಲ್ಲಿ ಯಹೂದಿ ಕಬ್ಬಾಲದ ಜೀವವೃಕ್ಷ, ನೆಲದಾಳದಲ್ಲಿ ಶಿಲುಬೆಗೆ ಜಡಿದ ಬಿಳಿಯ ದೈತ್ಯೆ ಲಿಲಿತ್, ಅವಳ ಎದೆಗೆ ನೆಟ್ಟ ಲಾಂಜೈನಸನ ಈಟಿ, ಮೂರು ಮಹಾಗಣಕಗಳಿಗೆ ಬೆತ್ಲೆಹೇಮಿಗೆ ಬಂದ ಮೂವರು ಜ್ಞಾನಿಗಳ ಹೆಸರು. ಇನ್ನೊಬ್ಬ ಒಂದೇ ಮಾತಿನಲ್ಲಿ ಅಷ್ಟನ್ನೂ ಅಳಿಸಿಹಾಕಿದ.

ಅವನ ಮಾತಿಗೆ ಆಧಾರವಿದೆ. ಸರಣಿಯ ಸಹಾಯಕ ನಿರ್ದೇಶಕ ಕಝುಯಾ ತ್ಸುರುಮಾಕಿ ಹೇಳಿಕೊಂಡಿದ್ದಾರೆ: ಜಪಾನಿನಲ್ಲಿ ದೈತ್ಯ ರೋಬೋಗಳ ಕಥೆಗಳು ಬೇಕಾದಷ್ಟಿದ್ದವು, ನಮ್ಮದು ಬೇರೆಯಾಗಿ ಕಾಣಬೇಕಿತ್ತು; ಕ್ರೈಸ್ತ ಧರ್ಮ ಇಲ್ಲಿ ಅಪರೂಪ, ಹಾಗಾಗಿ ಅದರ ಚಿಹ್ನೆಗಳು ನಿಗೂಢವಾಗಿ ಕಂಡವು; ಅವುಗಳಿಗೆ ಕ್ರೈಸ್ತ ಅರ್ಥವೇನೂ ಇಲ್ಲ. ಈ ಹೇಳಿಕೆ ಸಿಕ್ಕ ದಿನದಿಂದ ಅಭಿಮಾನಿಗಳಲ್ಲಿ ಒಂದು ಪಂಗಡ ಅದನ್ನೇ ಅಂತಿಮ ತೀರ್ಪೆಂದು ಹಿಡಿದುಕೊಂಡಿದೆ. ಮಾಡಿದವನೇ ಹೇಳಿದ ಮೇಲೆ ಮುಗಿಯಿತು ಎಂಬ ಈ ಧೋರಣೆ ಕಂಡರೆ ನನಗೆ ಸಿಟ್ಟು ಬರುತ್ತದೆ. ಕೃತಿಯ ಅರ್ಥ ಕರ್ತೃವಿನ ಜೇಬಿನಲ್ಲಿರುವ ಬೀಗದ ಕೈ ಎಂದು ನಮಗೆ ಕಲಿಸಿದವರು ಯಾರು?

ನಮ್ಮ ಶಾಸ್ತ್ರಗಳಲ್ಲಿ ಗ್ರಂಥದ ಮುಖ್ಯಾರ್ಥವನ್ನು ಗುರುತಿಸುವ ಸುಳಿವುಗಳಿಗೆ ತಾತ್ಪರ್ಯಲಿಂಗಗಳೆಂದು ಹೆಸರು. ವೇದವಾಕ್ಯಗಳ ಅರ್ಥನಿರ್ಣಯವನ್ನೇ ಶಾಸ್ತ್ರವಾಗಿಸಿದ ಮೀಮಾಂಸಕರಿಗೆ ವೇದ ಅಪೌರುಷೇಯ. ಕರ್ತೃವೇ ಇಲ್ಲದ ಮೇಲೆ ಅವನ ಉದ್ದೇಶವನ್ನು ಕೇಳುವುದು ಯಾರನ್ನು? ಅರ್ಥವನ್ನು ವಾಕ್ಯದೊಳಗಿಂದಲೇ ತೆಗೆಯಬೇಕಾಗಿ ಬಂತು. ಆ ಒತ್ತಡದಿಂದಲೇ ಜಗತ್ತಿನ ಅತ್ಯಂತ ಕಟ್ಟುನಿಟ್ಟಾದ ಓದಿನ ಕ್ರಮಗಳಲ್ಲೊಂದು ಹುಟ್ಟಿತು. ಅದನ್ನು ಇವಾಂಜೆಲಿಯನ್‌ಗೆ ಹಚ್ಚಿ ನೋಡೋಣ.

ಮೊದಲು ಉಪಕ್ರಮ ಮತ್ತು ಉಪಸಂಹಾರ, ಎಂದರೆ ಆರಂಭ ಮತ್ತು ಮುಕ್ತಾಯ. ಕಥೆ ತೊಡಗುವುದು ವರ್ಷಗಳಿಂದ ದೂರವಿಟ್ಟಿದ್ದ ಮಗ ಶಿಂಜಿಯನ್ನು ತಂದೆ ಗೆಂಡೊ ಕರೆಸಿಕೊಂಡು, ಯಂತ್ರದೊಳಗೆ ಕೂತು ಹೋರಾಡು ಎನ್ನುವಲ್ಲಿ. ಟಿವಿ ಸರಣಿಯ 26ನೇ ಕಂತು ಮುಗಿಯುವುದು ಆ ಹುಡುಗ ತಾನು ಇರಬಹುದು, ಬದುಕಬಹುದು ಎಂದು ಒಪ್ಪಿಕೊಂಡಾಗ ಸುತ್ತಲಿನವರು ಚಪ್ಪಾಳೆ ತಟ್ಟುವಲ್ಲಿ. ಎರಡು ತುದಿಯಲ್ಲೂ ದೇವರ ಸುದ್ದಿ ಇಲ್ಲ. ನಂತರ ಅಭ್ಯಾಸ, ಎಂದರೆ ಮತ್ತೆ ಮತ್ತೆ ಬರುವುದು: ಓಡಿಹೋಗಬಾರದು ಎಂದು ಶಿಂಜಿ ತನಗೆ ತಾನೇ ಹೇಳಿಕೊಳ್ಳುವ ಮಾತು. ಹೀಗೆ ನೋಡಿದರೆ ಮುಖ್ಯವಾಕ್ಯ ಮಗನ ಸಂಕಟ. ಶಿಲುಬೆ, ಈಟಿ, ಜೀವವೃಕ್ಷಗಳೆಲ್ಲ ಅರ್ಥವಾದ, ಎಂದರೆ ಪೂರಕ ಮಾತು. ಆದರೆ ಅರ್ಥವಾದ ನಿರರ್ಥಕವೇ? ಜೈಮಿನಿಯ ಮೀಮಾಂಸಾಸೂತ್ರಗಳ ಮೊದಲ ಅಧ್ಯಾಯದ ಎರಡನೇ ಪಾದ ಎತ್ತಿಕೊಳ್ಳುವುದು ಇದೇ ಆಕ್ಷೇಪವನ್ನು. ವಿಧಿಸದ, ಬರೀ ಹೊಗಳುವ ವಾಕ್ಯಗಳಿಂದ ಏನು ಪ್ರಯೋಜನ ಎಂದು ಪೂರ್ವಪಕ್ಷ. ಅವು ವಿಧಿಯೊಡನೆ ಏಕವಾಕ್ಯವಾಗಿ ಕೂಡಿಕೊಂಡು ಅದಕ್ಕೆ ಬಲ ಕೊಡುತ್ತವೆ ಎಂದು ಸಿದ್ಧಾಂತ. ತಂದೆಯ ಅಪ್ಪಣೆಗೆ ಯಾತನೆಪಡುವ ಮಗನ ಕಥೆಯ ಪಕ್ಕದಲ್ಲಿ ಶಿಲುಬೆ ನಿಂತರೆ, ಇಟ್ಟವರು ಏನೇ ಅಂದುಕೊಂಡಿರಲಿ, ಅವೆರಡು ಕೂಡಿಕೊಳ್ಳುತ್ತವೆ.

ಇಷ್ಟು ಬರೆದು ತೃಪ್ತಿಯಾಗಬೇಕಿತ್ತು, ಆಗಲಿಲ್ಲ. ಮೀಮಾಂಸೆ ವಾಕ್ಯ ಯಾವುದಕ್ಕಾಗಿ ಇದೆ ಎಂದು ಕೇಳುತ್ತದೆ. ಅದು ಯಾವ ದಾರಿಯಲ್ಲಿ ಇಲ್ಲಿಗೆ ಬಂತೆಂದು ಕೇಳುವುದಿಲ್ಲ. ನಾನು ಕೇಳಬೇಕಾಗಿದ್ದುದು ಈ ಎರಡನೆಯದನ್ನು. ಜಪಾನಿನ ಟಿವಿಯಲ್ಲಿ ದೈತ್ಯನನ್ನು ಶಿಲುಬೆಗೇರಿಸುವ ದೃಶ್ಯ ಇವಾಂಜೆಲಿಯನ್ ಬಂದ 1995ರಲ್ಲಿ ಹುಟ್ಟಿದ್ದೇ?

ಅಲ್ಲ. 1968ರಲ್ಲಿ 'ಅಲ್ಟ್ರಾ ಸೆವೆನ್' ಸರಣಿಯ ನಾಯಕನನ್ನು ಅನ್ಯಗ್ರಹದವರು ಪಾರದರ್ಶಕ ಶಿಲುಬೆಯೊಳಗೆ ಸೆರೆಹಿಡಿದರು. 1972ರ 'ಅಲ್ಟ್ರಾಮ್ಯಾನ್ ಏಸ್'ನಲ್ಲಿ ಏಸ್‌ನ ನಾಲ್ವರು ಅಣ್ಣಂದಿರನ್ನು ಶಿಲುಬೆಗೇರಿಸಿದ ಗ್ರಹದ ಹೆಸರೇ ಗೊಲ್ಗೊಥಾ, ಯೇಸುವನ್ನು ಶಿಲುಬೆಗೇರಿಸಿದ ಜಾಗದ ಹೆಸರು. ಆಗ ಭೂಮಿಗೆ ನುಗ್ಗಿದ ದೈತ್ಯಮೃಗದ ಹೆಸರು ಯೇಸುವಿನ ಬದಲು ಬಿಡುಗಡೆಯಾದ ಬರಬ್ಬನನ್ನು ನೆನಪಿಸುವ ಬರಾಬಾ. ಇವಾಂಜೆಲಿಯನ್ ನಿರ್ದೇಶಕ ಅನ್ನೋ ಹುಟ್ಟಿದ್ದು 1960ರಲ್ಲಿ. ಇವು ಅವರ ಬಾಲ್ಯದ ಕಥೆಗಳು. ಅವರು ಈ ಸರಣಿಗಳ ದೈತ್ಯ ನಾಯಕ ಅಲ್ಟ್ರಾಮ್ಯಾನನ ಕಟ್ಟಾ ಅಭಿಮಾನಿ. 1983ರಲ್ಲಿ ಗೆಳೆಯರೊಡನೆ ಮಾಡಿದ ಹವ್ಯಾಸಿ ಚಿತ್ರದಲ್ಲಿ ತಾವೇ ಅಲ್ಟ್ರಾಮ್ಯಾನ್ ಆಗಿ ನಟಿಸಿದರು, 2022ರ 'ಶಿನ್ ಅಲ್ಟ್ರಾಮ್ಯಾನ್'ಗೆ ಚಿತ್ರಕಥೆ ಬರೆದರು. ಎದೆಯ ದೀಪ ಮಿನುಗತೊಡಗಿದರೆ ಅಲ್ಟ್ರಾಮ್ಯಾನನ ಮೂರು ನಿಮಿಷದ ಶಕ್ತಿ ತೀರುತ್ತ ಬಂತೆಂದು ಅರ್ಥ. ವಿದ್ಯುತ್ ಕೇಬಲ್ ಕಳಚಿದರೆ ಶಿಂಜಿಯ ಯಂತ್ರ ಇವಾಕ್ಕೆ ಉಳಿಯುವುದು ಐದೇ ನಿಮಿಷ. ಪ್ರಕಾರದ ರೂಢಿಯೇ ಕೈಯಿಂದ ಕೈಗೆ ದಾಟಿದೆ. ದೈತ್ಯನ ಜೊತೆ ಅವನ ಶಿಲುಬೆಯೂ ಬಂದಿದೆ ಎಂದು ನನಗನ್ನಿಸುತ್ತದೆ.

ಇನ್ನೂ ಹಿಂದೆ ಹೋಗಬಹುದು. 'ಏಸ್'ನ ಮುಖ್ಯ ಲೇಖಕರಲ್ಲಿ ಒಬ್ಬರಾದ ಶಿನ್‌ಇಚಿ ಇಚಿಕಾವ ಕ್ರೈಸ್ತರಾಗಿದ್ದರು, ನಾಗಸಾಕಿ ಪ್ರಾಂತ್ಯದ ಇಸಾಹಾಯದವರು. 1597ರಲ್ಲಿ ಆಗ ಜಪಾನನ್ನು ಆಳುತ್ತಿದ್ದ ಹಿದೆಯೋಶಿಯ ಅಪ್ಪಣೆಯಂತೆ 26 ಕ್ರೈಸ್ತರನ್ನು ನಿಜವಾದ ಶಿಲುಬೆಗಳಿಗೆ ಏರಿಸಿ ಕೊಂದದ್ದು ಅದೇ ನಾಗಸಾಕಿಯ ನಿಶಿಝಾಕ ಗುಡ್ಡದ ಮೇಲೆ. 1614ರಲ್ಲಿ ಕ್ರೈಸ್ತ ಧರ್ಮಕ್ಕೆ ದೇಶವಿಡೀ ನಿಷೇಧ ಬಂತು. ಯೇಸು, ಮರಿಯಳ ಚಿತ್ರವನ್ನು ತುಳಿದು ತೋರಿಸುವ ಪರೀಕ್ಷೆಗಳು ನಡೆದವು. ನಂಬಿಕೆಯನ್ನು ಮನೆಯೊಳಗೆ ಬಚ್ಚಿಟ್ಟು ತಲೆಮಾರುಗಳನ್ನು ದಾಟಿಸಿದ ಹಳ್ಳಿಗರು 1865ರಲ್ಲಿ ನಾಗಸಾಕಿಯ ಓಉರಾ ಚರ್ಚಿಗೆ ಬಂದು ಫ್ರೆಂಚ್ ಪಾದ್ರಿಯ ಮುಂದೆ ತಮ್ಮ ಗುರುತು ಹೇಳಿಕೊಂಡರು. ನಿಷೇಧದ ಫಲಕಗಳನ್ನು ತೆಗೆದದ್ದು 1873ರಲ್ಲಿ.

ಈಗ ತ್ಸುರುಮಾಕಿಯವರ ಮಾತನ್ನು ಮತ್ತೊಮ್ಮೆ ಓದಬೇಕು. ಅವರು ಪ್ರಾಮಾಣಿಕವಾಗಿಯೇ ಹೇಳಿದ್ದಾರೆ: ಕ್ರೈಸ್ತ ಧರ್ಮ ಇಲ್ಲಿ ಅಪರೂಪ, ಆದ್ದರಿಂದ ನಿಗೂಢ. ಆದರೆ ಆ ಅಪರೂಪ ತಾನಾಗಿ ಬಂದದ್ದಲ್ಲ. ಇಂದಿಗೂ ಜಪಾನಿನ ಜನಸಂಖ್ಯೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರಷ್ಟು. ಎರಡೂವರೆ ಶತಮಾನದ ನಿಷೇಧಕ್ಕೆ ಇದರಲ್ಲಿ ದೊಡ್ಡ ಪಾಲಿದೆ. ಶಿಲುಬೆಯನ್ನು ಕಣ್ಮರೆ ಮಾಡಿದ ಆ ಇತಿಹಾಸವೇ ಅದನ್ನು ಅಪರಿಚಿತವಾಗಿಸಿ ಚೆಂದವಾಗಿಯೂ ಕಾಣಿಸಿತು.

ಹಾಗಾಗಿ ಮೆಟ್ರೋದ ಆ ಇಬ್ಬರಲ್ಲಿ ಒಬ್ಬನನ್ನು ಗೆಲ್ಲಿಸುವ ಆಸೆ ನನಗೀಗ ಉಳಿದಿಲ್ಲ. ಗುಪ್ತ ಸಂಕೇತ ಹುಡುಕುವವನು ಉತ್ತರ ಲೇಖಕನ ತಲೆಯೊಳಗಿದೆ ಎಂದುಕೊಂಡಿದ್ದಾನೆ, ಏನೂ ಇಲ್ಲ ಎನ್ನುವವನೂ ಅಲ್ಲೇ ಹುಡುಕಿ ಬರಿಗೈಯಲ್ಲಿ ಮರಳಿದ್ದಾನೆ. ಚಿಹ್ನೆಗಳನ್ನು ಇಟ್ಟವರಿಗಿಂತ ಅವುಗಳಿಗೆ ವಯಸ್ಸು ಹೆಚ್ಚು. ಇದು ಯಾಕೆ ಚೆಂದ ಕಂಡಿತು ಎಂದು ಒಬ್ಬ ಅಭಿಮಾನಿ ಹಟ ಹಿಡಿದು ಕೇಳುತ್ತ ಹೋದರೆ, ರೋಬೋ ಕಥೆಯಿಂದ ಹೊರಟು ನಾಗಸಾಕಿಯ ಹುತಾತ್ಮರನ್ನು ಮುಟ್ಟುತ್ತಾನೆ. ಅಷ್ಟು ದೂರ ಹೋಗಿಬಂದ ಓದನ್ನು ನಾನು ವಿದ್ವತ್ತೆಂದೇ ಕರೆಯುತ್ತೇನೆ.