ಕಣಗಿಲೆಯ ಎಚ್ಚರಿಕೆ ಕನ್ನಡದಲ್ಲಿಯೂ ಇರಲಿ

ದೇವರ ಪೂಜೆಗೆ ಹೂವನ್ನೊದಗಿಸುವ ಕಣಗಿಲೆಯಿಲ್ಲದ ಬೀದಿಯು ನಮ್ಮ ಊರುಗಳಲ್ಲಿ ವಿರಳ. ನೀರು ಸಾಲದಿದ್ದರೂ ಅದು ಅರಳುವುದು. ದನವು ಸಾಮಾನ್ಯವಾಗಿ ಬಾಯಿ ಹಾಕದು. ದನವು ಏತಕ್ಕೆ ಬಾಯಿ ಹಾಕದೆಂಬುದನ್ನು ಮಾತ್ರ ಮನುಷ್ಯರು ಆಲೋಚಿಸಿದಂತೆ ಕಾಣುವುದಿಲ್ಲ. ಬೇರು, ತೊಗಟೆ, ಎಲೆ, ಹೂವು, ಬೀಜ, ಹೀಗೆ ಈ ಗಿಡದ ಸರ್ವಾಂಗವೂ ವಿಷಮಯವಾದುದು. ಮನೆಯಲ್ಲಿ ಒಣಗಿಸಿದ ಮಾತ್ರಕ್ಕಾಗಲಿ, ಕಷಾಯವಾಗಿ ಕುದಿಸಿದ ಮಾತ್ರಕ್ಕಾಗಲಿ ಆ ವಿಷವು ಅಳಿಯುವುದಿಲ್ಲ.

ನಮ್ಮ ಪೂರ್ವಿಕರು ಇದನ್ನು ಅರಿಯದವರಲ್ಲ. ಆಯುರ್ವೇದವು ಕರವೀರವೆಂಬ ಹೆಸರಿನಿಂದ ಇದನ್ನು ಉಪವಿಷಗಳಲ್ಲಿ ಎಣಿಸಿ, ಹಾಲಿನಲ್ಲಿ ಬೇಯಿಸಿ ಶೋಧಿಸತಕ್ಕದ್ದೆಂದು ವಿಧಿಸಿದೆ. ಚರ್ಮರೋಗಗಳಿಗೆ ತೈಲವಾಗಿಯೂ ಲೇಪವಾಗಿಯೂ ಹೇಳಿದೆ. ಬೇರನ್ನು ತೇಯ್ದು ಹುಳುಕಡ್ಡಿಗೆ ಹಚ್ಚುವ ಹಳ್ಳಿಯ ರೂಢಿಯೂ ಹೊರಮೈಗೆ ಸಂಬಂಧಪಟ್ಟುದೇ. ಶಾಸ್ತ್ರದ ಹೆಸರನ್ನು ಇಟ್ಟುಕೊಂಡು ಶಾಸ್ತ್ರದ ಕಟ್ಟಳೆಯನ್ನು ಬಿಟ್ಟು, ಇದನ್ನು ಹೊಟ್ಟೆಗೆ ಕೊಡುವ ಅಳಲೆಕಾಯಿ ಪಂಡಿತರಿಂದಲೇ ಅನರ್ಥವು ಸಂಭವಿಸುವುದು.

ಆಧುನಿಕ ವಿಜ್ಞಾನವೂ ಇದನ್ನೇ ಸಾರುತ್ತದೆ. ಕಣಗಿಲೆಯಲ್ಲಿರುವ ಓಲಿಯಾಂಡ್ರಿನ್ ಎಂಬ ದ್ರವ್ಯವು ಹೃದಯದ ಬಡಿತವನ್ನು ಕುಂದಿಸಿ, ಲಯವನ್ನು ಕೆಡಿಸಿ, ಕಡೆಗೆ ನಿಲ್ಲಿಸಬಲ್ಲದು. ಕೋವಿಡ್ ಮಹಾಮಾರಿಗೆ ಇದೇ ಮದ್ದೆಂದು ಅಮೆರಿಕದಲ್ಲಿ ಕೆಲವರು 2020ರಲ್ಲಿ ಹೊಗಳಿದರು. ಅದನ್ನು ಆಹಾರಪೂರಕವಾಗಿ ಮಾರಲು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯು ಒಪ್ಪಲಿಲ್ಲ. 2024ರಲ್ಲಿ ಕೇರಳದ ತರುಣಿಯೊಬ್ಬಳು ಅರಿಯದೆ ಇದರ ಎಲೆಯನ್ನು ಅಗಿದು ಮೃತಳಾದಳೆಂಬ ಸಂಶಯವುಂಟಾಗಲು, ಆ ವರ್ಷದ ಮೇ ತಿಂಗಳಲ್ಲಿ ತಿರುವಾಂಕೂರು ಮತ್ತು ಮಲಬಾರು ದೇವಸ್ವಂ ಮಂಡಲಿಗಳು ನೈವೇದ್ಯ ಪ್ರಸಾದಗಳಲ್ಲಿ ಈ ಹೂವನ್ನು ನಿಷೇಧಿಸಿದವು. ನೆರೆಮನೆಯವರು ಕಣ್ತೆರೆದ ಮೇಲೂ ನಾವು ನಿದ್ರಿಸುವುದು ಯುಕ್ತವೇ?

1945ರ ಔಷಧ ನಿಯಮಗಳು ಕರವೀರವನ್ನು ವಿಷದ್ರವ್ಯಗಳ ಪಟ್ಟಿಯಲ್ಲಿ ಸೇರಿಸಿವೆ. ಅದು ಬೆರೆತ, ಒಳಗೆ ಸೇವಿಸತಕ್ಕ ಆಯುರ್ವೇದ ಔಷಧದ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆಯಿರತಕ್ಕದ್ದೆಂದು 161ನೆಯ ನಿಯಮವು ವಿಧಿಸುತ್ತದೆ. ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ! ಕನ್ನಡವನ್ನಷ್ಟೇ ಓದಬಲ್ಲ ರೈತನಿಗೂ ಗೃಹಿಣಿಗೂ ಆ ಎಚ್ಚರಿಕೆಯು ಇದ್ದೂ ಇಲ್ಲದಂತೆಯೇ. ಪ್ರಾಣವು ಕನ್ನಡಿಗನದು, ಎಚ್ಚರಿಕೆಯು ಪರಭಾಷೆಯದು ಎಂದರೆ ಅದು ಯಾವ ನ್ಯಾಯ? ಮೂರನೆಯ ಸಾಲೊಂದನ್ನು ಕನ್ನಡದಲ್ಲಿ ಅಚ್ಚುಮಾಡಿಸುವುದರಿಂದ ಯಾರೂ ಬಡವರಾಗುವುದಿಲ್ಲ.

ಗಿಡವನ್ನೆಲ್ಲ ಕಡಿಯಿರೆಂದು ನಾವು ಹೇಳುವುದಿಲ್ಲ. ಔಷಧಗಳ ಮೇಲೆ ಕನ್ನಡದ ಎಚ್ಚರಿಕೆಯನ್ನು ಸರ್ಕಾರದವರು ಕಡ್ಡಾಯಗೊಳಿಸಲಿ. ಶಿಶುವಿಹಾರ, ಶಾಲೆಗಳ ಆವರಣಗಳಲ್ಲಿ ನಗರಸಭೆಯವರು ಇದನ್ನು ನೆಡದಿರಲಿ. ಉದ್ಯಾನಗಳಲ್ಲಿ ಕನ್ನಡದ ಫಲಕವನ್ನು ನಿಲ್ಲಿಸಲಿ. ಮಹಾಜನರು ಹೂವನ್ನು ದೇವರಿಗೆ ಏರಿಸಲಿ, ಪ್ರಸಾದದಲ್ಲಿ ಬೆರೆಸದಿರಲಿ. ಯಾರಾದರೂ ಇದನ್ನು ನುಂಗಿದರೆ ಮನೆಮದ್ದಿಗೆ ಕಾಯದೆ, ವಾಂತಿಯು ನಿಂತಿತೆಂದು ನಂಬದೆ, ಒಡನೆಯೇ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕದ್ದು. ಶೋಧಿಸಿದ ಕರವೀರವು ಬಲ್ಲ ವೈದ್ಯನ ಕೈಯಲ್ಲಿ ಔಷಧವಾದೀತು. ಅಂಗಳದ ಕಣಗಿಲೆಯು ಅರಿಯದವನ ಬಾಯಲ್ಲಿ ಮೃತ್ಯುವೇ ಸರಿ.