ಮನೆಯ ಮಾತು, ಪತ್ರಿಕೆಯ ಮಾತು

ಹಿರಿಯೂರು ತಾಲ್ಲೂಕಿನ ಆದಿವಾಲದಲ್ಲಿ ನಮಗೆ ಆಪ್ತವಾದ ಶರಣ ಕುಟುಂಬವೊಂದಿದೆ. ಕೆಲವು ವರ್ಷಗಳ ಹಿಂದೆ ಆ ಮನೆಗೆ ಸೊಲ್ಲಾಪುರದಿಂದ ಸೊಸೆ ಬಂದಳು. ತವರಿನಲ್ಲಿ ಆಡುವ ಮಾತು ಕನ್ನಡವೇ. ಓದಿದ್ದೆಲ್ಲ ಮರಾಠಿ ಶಾಲೆಯಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸಿದ್ಧರಾಮೇಶ್ವರರ ಊರು ಗಡಿಯ ಆಚೆಗೇ ಉಳಿದುದರಿಂದ ಅಲ್ಲಿನ ಅನೇಕ ಲಿಂಗಾಯತ ಮನೆಗಳ ಸ್ಥಿತಿ ಇದೇ: ನಾಲಿಗೆಗೆ ಕನ್ನಡ, ಕಣ್ಣಿಗೆ ದೇವನಾಗರಿ.

ಅಕ್ಷರಮಾಲೆಯನ್ನು ಆಕೆ ಬೇಗನೆ ಕಲಿತಳು. ದಿನಪತ್ರಿಕೆಯ ಜಿಲ್ಲಾಪುಟ ಮಾತ್ರ ಸುಲಭವಾಗಿ ಕೈಗೆ ಬರಲಿಲ್ಲ. ದೇವನಾಗರಿಯಲ್ಲಿ ಸಂಯುಕ್ತಾಕ್ಷರಗಳು ಬಹುಮಟ್ಟಿಗೆ ಪಕ್ಕಪಕ್ಕದಲ್ಲಿ ಕೂಡಿಕೊಳ್ಳುತ್ತವೆ. ನಮ್ಮಲ್ಲಿ ಒತ್ತಕ್ಷರವಾಗಿ ಕೆಳಗಿಳಿಯುತ್ತವೆ. ಅಲ್ಲಿ ಅಕ್ಷರದ ತಲೆಯ ಮೇಲೆ ಕುಳಿತುಕೊಳ್ಳುವ ರೇಫ ಇಲ್ಲಿ ಅರ್ಕಾವತ್ತಾಗಿ ಬಲಕ್ಕೆ ಬಂದು ನಿಲ್ಲುತ್ತದೆ. ಉಚ್ಚಾರದಲ್ಲಿ ಮೊದಲು, ಬರೆಹದಲ್ಲಿ ಕೊನೆಗೆ. 'ಕಾರ್ಯಕರ್ತ' ಎಂಬ ಒಂದೇ ಪದದಲ್ಲಿ ಅದು ಎರಡು ಸಲ ಎದುರಾಗುತ್ತದೆ. ಜಿಲ್ಲಾಪುಟದಲ್ಲಿ ಕಾರ್ಯಕರ್ತರಿಲ್ಲದ ದಿನವುಂಟೆ?

ಇದಕ್ಕಿಂತ ದೊಡ್ಡ ತೊಡಕು ಪರಿಚಿತವೆನಿಸುವ ಪದಗಳದು. ಒಂದು ಮುಂಜಾನೆ 'ಹೆದ್ದಾರಿಯಲ್ಲಿ ಅವಘಡ' ಎಂಬ ತಲೆಬರೆಹವನ್ನು ಓದಿ, "ಮಾವಾರ, ಹೆದ್ದಾರಿ ಭಾಳ ಕಠಿಣ ಐತಂತ್ರಿ" ಎಂದಳು. ಮರಾಠಿಯಲ್ಲಿ ಅವಘಡವೆಂದರೆ ಕಷ್ಟವಾದದ್ದು. ನಮ್ಮ ಪತ್ರಿಕೆಗಳಲ್ಲಿ ಅದು ದುರ್ಘಟನೆ. ಮನೆಯವರೆಲ್ಲ ನಕ್ಕರು. ಅಂದು ಅಲ್ಲಿದ್ದ ನಾವೂ ನಕ್ಕೆವೆಂಬುದನ್ನು ಮುಚ್ಚಿಡಲಾರೆವು. ಆಕೆ ಪತ್ರಿಕೆಯನ್ನು ಮಡಿಸಿಟ್ಟು ಒಳಗೆ ಹೋದಳು. ಮುಂದೆ ಎರಡು ತಿಂಗಳು ಅದನ್ನು ಮುಟ್ಟಲಿಲ್ಲವೆಂದು ಆಮೇಲೆ ತಿಳಿಯಿತು. ಆ ಅವಧಿಯಲ್ಲಿ ಊರಿನ ಸುದ್ದಿಯೆಲ್ಲ ಆಕೆಗೆ ಗಂಡಸರ ಬಾಯಿಂದ, ಅದೂ ಅವರಿಗೆ ನೆನಪಾದಾಗ. ಕೂಸಿಗೆ ಲಸಿಕೆ ಹಾಕುವ ಶಿಬಿರದ ವಿಷಯ ಶಿಬಿರ ಮುಗಿದ ಮರುದಿನ ಕಿವಿಗೆ ಬಿದ್ದಿತಂತೆ. ಪತ್ರಿಕೆಯಲ್ಲಿ ಅದು ಮೂರು ದಿನ ಮೊದಲೇ ಅಚ್ಚಾಗಿತ್ತು.

ನಗುವುದಕ್ಕೆ ನಮಗಾವ ಅಧಿಕಾರ? ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗರೇ ಜರ್ಮನಿಯಿಂದ 1836ರಲ್ಲಿ ಬಂದು ಕನ್ನಡ ಕಲಿತವರು. ಮುಂದೆ ಬಸವಪುರಾಣವನ್ನು ಅಚ್ಚು ಹಾಕಿಸಿದವರೂ ಅವರೇ. ದೂರದ ಮಾತೇಕೆ, ಈ ಸೊಸೆಯ ತವರೂರಿನಲ್ಲೇ ಹುಟ್ಟಿದ ಪೂಜ್ಯ ಜಯದೇವಿತಾಯಿ ಲಿಗಾಡೆಯವರು (1912–1986) ಶಾಲೆಯಲ್ಲಿ ಕಲಿತದ್ದು ಮರಾಠಿ. ಸ್ವಪ್ರಯತ್ನದಿಂದ ಕನ್ನಡವನ್ನು ಒಲಿಸಿಕೊಂಡು ಸಿದ್ಧರಾಮರ ಪುರಾಣವನ್ನು ತ್ರಿಪದಿಯಲ್ಲಿ ರಚಿಸಿದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಆ ಪೀಠವೇರಿದ ಮೊದಲ ಮಹಿಳೆ ಅವರು. ಅವರು ಮೊದಮೊದಲು ತಪ್ಪಿ ಓದಿದಾಗ ಯಾರಾದರೂ ನಕ್ಕು ಅವರ ಕೈಯ ಪುಸ್ತಕವನ್ನು ಕೆಳಗಿಡಿಸಿದ್ದರೆ?

ಆದಿವಾಲದ ಮನೆಯಲ್ಲಿ ಕೆಟ್ಟದ್ದನ್ನು ಸರಿಪಡಿಸಿದವರು ಅಕ್ಷರವನ್ನೇ ಅರಿಯದ ಅತ್ತೆ. 2022ರ ಮಳೆಗಾಲ. ಗಂಡಸರು ಹೊಲಕ್ಕೆ ಹೋಗಿದ್ದರು. "ಮಾರಿಕಣಿವೆ ಎಷ್ಟು ಅಡಿ ಆಗೈತೆ, ನೋಡವ್ವ" ಎಂದು ಪತ್ರಿಕೆಯನ್ನು ಸೊಸೆಯ ಮುಂದಿಟ್ಟರು. ವಾಣಿವಿಲಾಸ ಸಾಗರದ ಸುದ್ದಿಯಲ್ಲಿ ನಿತ್ಯವೂ ಅವೇ ಪದಗಳು: ನೀರಿನ ಮಟ್ಟ, ಒಳಹರಿವು, ಹೊರಹರಿವು. ಬದಲಾಗುವುದು ಅಂಕಿಗಳಷ್ಟೇ. ಮನೆಯಲ್ಲೂ ಹಾಲಿನ ಡೈರಿಯಲ್ಲೂ ಅದೇ ಮಾತು. ವಿಷಯ ಅರ್ಧ ತಿಳಿದಿರುವಾಗ ಪದ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಅದಕ್ಕೇ ಕಲಿಯುವವರಿಗೆ ದೆಹಲಿಯ ಸುದ್ದಿಗಿಂತ ಊರಿನ ಸುದ್ದಿ ಒಳ್ಳೆಯ ಗುರುವೆಂದು ನಾವು ಹೇಳುವುದು. ಸೆಪ್ಟೆಂಬರಿನಲ್ಲಿ 130 ಅಡಿ ತುಂಬಿ, 1933ರ ಅನಂತರ ಮೊದಲ ಬಾರಿಗೆ ಜಲಾಶಯ ಕೋಡಿ ಬಿದ್ದ ವಾರ್ತೆಯನ್ನು ಅತ್ತೆಗೆ ಓದಿ ಹೇಳಿದವಳು ಸೊಸೆಯೇ. ಅತ್ತೆ ಎರಡು ಸಲ ಓದಿಸಿದರಂತೆ.

ನೆರೆನಾಡಿನಿಂದ ಸೊಸೆಯರನ್ನು ತಂದುಕೊಂಡ ಬಂಧುಗಳು ಪತ್ರಿಕೆಯನ್ನು ಅವರಿಗೆ ಓದಿ ಹೇಳುವ ಉಪಕಾರಕ್ಕೆ ಹೋಗಬಾರದು. ಅವರಿಂದ ಓದಿಸಿ ಕೇಳಬೇಕು. ತಪ್ಪಿದರೆ ಪದವನ್ನಷ್ಟೇ ತಿದ್ದಿದರೆ ಸಾಕು.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿದ್ದಾಗ ನಾವು ಆ ಮನೆಯಲ್ಲಿದ್ದೆವು. ಜಿಲ್ಲಾಪುಟ ಸೊಸೆಯ ಕೈಯಲ್ಲಿತ್ತು. ಮಾವನವರು ಕನ್ನಡಕ ಒರೆಸಿಕೊಳ್ಳುತ್ತ ತಮ್ಮ ಸರದಿಗಾಗಿ ಕಾಯುತ್ತಿದ್ದರು.