ಶಠಾರಿ ಎಲ್ಲ ತಲೆಗೂ ಒಂದೇ

ದೇವರು ಎಲ್ಲೆಲ್ಲೂ ಇರುವಾಗ ಗುಡಿಗೇಕೆ ಹೋಗಬೇಕು ಎಂಬ ಪ್ರಶ್ನೆ ಹಳೆಯದು. ಮನೆಯಲ್ಲಿ ದೀಪ ಹಚ್ಚಿ ಕೈಮುಗಿದರೂ ಪೂಜೆ ಸಲ್ಲುತ್ತದೆ, ಅನುಮಾನವಿಲ್ಲ. ಆದರೆ ಮನೆಯ ದೇವರ ಮುಂದೆ ನಮ್ಮ ಪಕ್ಕದಲ್ಲಿ ಯಾರು ನಿಲ್ಲಬೇಕೆಂದು ನಾವೇ ತೀರ್ಮಾನಿಸುತ್ತೇವೆ. ಗುಡಿಯಲ್ಲಿ ಆ ಅಧಿಕಾರ ನಮ್ಮ ಕೈಯಲ್ಲಿಲ್ಲ. ಗುರುತು ಪರಿಚಯವಿಲ್ಲದವರ ಭುಜಕ್ಕೆ ಭುಜ ತಾಗಿಸಿ, ಅದೇ ಆರತಿಗೆ ಕೈಯೊಡ್ಡಿ, ಅದೇ ತೀರ್ಥ ಕುಡಿದು ಬರಬೇಕು. ಗುಡಿಯ ಪೂಜೆಗೆ ಪ್ರತ್ಯೇಕ ಅರ್ಥ ಬರುವುದೇ ಇಲ್ಲಿ.

ವೈಷ್ಣವ ಗುಡಿಗಳ ಶಠಾರಿಯನ್ನೇ ನೋಡಿ. ಅರ್ಚಕರು ಸಾಲಾಗಿ ನಿಂತವರ ತಲೆಯ ಮೇಲೆ ಒಂದು ಕ್ಷಣ ಇಟ್ಟು ತೆಗೆಯುವ ಆ ಲೋಹದ ಕಿರೀಟದ ಮೇಲೆ ದೇವರ ಪಾದದ ಗುರುತಿರುತ್ತದೆ. ಅದಕ್ಕೆ ಆ ಹೆಸರು ಬಂದದ್ದು ಶಠಕೋಪರಿಂದ, ಅಂದರೆ ನಮ್ಮಾಳ್ವಾರರಿಂದ. ಅವರು ಹುಟ್ಟಿದ್ದು ಬೇಸಾಯಗಾರರಾದ ವೆಳ್ಳಾಳರ ಮನೆಯಲ್ಲಿ ಎನ್ನುತ್ತದೆ ಪರಂಪರೆ. ಅಂಥವರ ಹೆಸರಿನ ಪಾದುಕೆಗೆ ವೇದಪಂಡಿತರೂ ತಲೆ ಬಾಗಿಸುತ್ತಾರೆ. ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುವಾಗ ಅದು ಕುಲ ಕೇಳುವುದಿಲ್ಲ.

ಗುಡಿ ಎಲ್ಲರದೆಂಬ ಈ ಮಾತು ಇಂದಿನವರು ಹಳೆಯದಕ್ಕೆ ಹಚ್ಚಿದ ಬಣ್ಣವೇನೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೇದಾರೇಶ್ವರ ಗುಡಿಗೆ ಸೇರಿದ ಕೋಡಿಯಮಠವನ್ನು 1162ರ ಶಾಸನವೊಂದು ಬಣ್ಣಿಸುತ್ತದೆ. ಅಲ್ಲಿ ವೇದ, ವ್ಯಾಕರಣಗಳ ಪಾಠ ನಡೆಯುತ್ತಿತ್ತು. ದೀನರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ ಊಟ ಸಿಗುತ್ತಿತ್ತು, ರೋಗಿಗಳಿಗೆ ಚಿಕಿತ್ಸೆಯೂ ಇತ್ತು. ಶಿವನ ಪೂಜೆಯನ್ನೂ ಹಸಿದವರ ಊಟವನ್ನೂ ಶಾಸನ ಒಂದೇ ಉಸಿರಿನಲ್ಲಿ ಹೇಳುತ್ತದೆ.

ಅದು ಬಸವಣ್ಣನವರ ಕಾಲವೂ ಹೌದು. ದೇಹವೇ ದೇಗುಲವೆಂದ ಶರಣರ ಮಾತಿನ ಮುಂದೆ ಈ ವಾದ ನಿಲ್ಲುತ್ತದೆಯೇ? ಶರಣರ ಆಕ್ಷೇಪ ತೂಕದ್ದು. ಗುಡಿ ಉಳ್ಳವರ ಕೈಸೇರಿತ್ತು, ಎಷ್ಟೋ ಜನರಿಗೆ ಬಾಗಿಲು ಮುಚ್ಚಿತ್ತು ಎಂಬುದು ಇತಿಹಾಸ. ಆದರೆ ಅದೇ ನೋವಿಗೆ ಇನ್ನೊಂದು ಉತ್ತರವೂ ಈ ನೆಲದಲ್ಲಿದೆ. ಊರ ಗುಡಿಗಳು ಬಿಲ್ಲವರನ್ನು ಹೊರಗಿಟ್ಟಿದ್ದ ಕಾಲದಲ್ಲಿ, 1912ರಲ್ಲಿ, ನಾರಾಯಣ ಗುರುಗಳು ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಅದೇ ಗುರುಗಳು 1927ರಲ್ಲಿ ಕೇರಳದ ಕಳವಂಕೋಡದಲ್ಲಿ ವಿಗ್ರಹದ ಜಾಗದಲ್ಲಿ ಕನ್ನಡಿ ಇಟ್ಟರು. ದೇವರು ಒಳಗಿದ್ದಾನೆಂದು ತಿಳಿದಿದ್ದ ಗುರುಗಳೂ ಜನ ಕೂಡಲು ಒಂದು ಗುಡಿ ಬೇಕೆಂಬುದನ್ನು ಮರೆಯಲಿಲ್ಲ.

ಗುಡಿ ನಡೆಯುವುದು ಆಗಮದ ಪ್ರಕಾರ, ಅದನ್ನು ಸಮಾನತೆಯ ಅಳತೆಗೋಲಿನಿಂದ ಅಳೆಯಬಾರದು ಎನ್ನುವವರಿದ್ದಾರೆ. ಗರ್ಭಗುಡಿಗೆ ಅದರದೇ ಮಡಿ, ನಿಯಮಗಳಿರಲಿ. ಆದರೆ ಆಗಮವೇ ಉತ್ಸವಮೂರ್ತಿಗೂ ಜಾಗ ಕೊಟ್ಟಿದೆಯಲ್ಲ? ಒಳಗೆ ಬರಲಾಗದವರಿಗೂ ದರ್ಶನವಾಗಲೆಂದೇ ದೇವರು ತೇರು ಹತ್ತಿ ಬೀದಿಗೆ ಬರುತ್ತಾನೆ. ಹೊರಗೆ ಬರಬಲ್ಲ ದೇವರ ಹೆಸರಿನಲ್ಲಿ ಜನರನ್ನು ಹೊರಗಿಡುವುದಕ್ಕೆ ಶಾಸ್ತ್ರವನ್ನು ಗುರಾಣಿ ಮಾಡಿಕೊಳ್ಳುವುದು ಸರಿಯಲ್ಲ.

ಈಗಿನ ಬೇಲಿ ಹಣದ್ದು. ಹೆಚ್ಚು ದುಡ್ಡು ಕೊಟ್ಟವರಿಗೆ ಬೇಗ ದರ್ಶನ, ಉಳಿದವರಿಗೆ ಗಂಟೆಗಟ್ಟಲೆ ಧರ್ಮದರ್ಶನದ ಸಾಲು. ಗುಡಿ ನಡೆಸಲು ಹಣ ಬೇಕು ಎಂಬ ಸಮರ್ಥನೆಯಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಹಣಕ್ಕೆ ಹುಂಡಿ ಇದೆ, ಸೇವೆಗಳಿವೆ. ಬಡ ದೇಗುಲಗಳಿಗೆ ಆಸರೆಯಾಗಲೆಂದು ನಮ್ಮ ರಾಜ್ಯದ 1997ರ ಧಾರ್ಮಿಕ ದತ್ತಿ ಕಾಯ್ದೆಯಲ್ಲಿ ಸಾಮಾನ್ಯ ನಿಧಿಯ ಏರ್ಪಾಡೂ ಇದೆ. ಸಾಲನ್ನು ಮಾರದೆಯೂ ಗುಡಿ ನಡೆಸಬಹುದು. ವೃದ್ಧರಿಗೆ, ಅಂಗವಿಕಲರಿಗೆ, ಕಂಕುಳಲ್ಲಿ ಕೂಸಿರುವ ತಾಯಂದಿರಿಗೆ ಬೇರೆ ಸಾಲಿರಲಿ. ಜೇಬಿನ ತೂಕ ನೋಡಿ ಮಾಡಿದ ಸಾಲನ್ನು ಆಡಳಿತ ಮಂಡಳಿಗಳು ತೆಗೆದುಹಾಕಲಿ.